ಮುಳ್ಳಿನಿಂದ ಪರದೆಯವರೆಗೆ

ಏರ್ ಇಂಡಿಯಾದ ‘ಕಾಂಚನಜುಂಗಾ’ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು ಅರುವತ್ತು ವರ್ಷ ಕಳೆದವು. 1966ರ ಜನವರಿ 24, ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನ. ಅದೇ ದಿನ ಆಲ್ಪ್ಸ್‌ನಿಂದ ಬಂದ ಸುದ್ದಿಯಲ್ಲಿ ಹೋಮಿ ಭಾಭಾ ಅವರ ಹೆಸರಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ನಡೆಸಿ, ಮುಂದೆ ದೇಶದ ಅಣುವಿಜ್ಞಾನಕ್ಕೆ ತಳಪಾಯ ಹಾಕಿದ ಭಾಭಾ. ಆ ಬೋಯಿಂಗ್ 707 ವಿಮಾನದಲ್ಲಿದ್ದ 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಸಾವಿನ ಸುತ್ತ ಪಿತೂರಿಯ ಕಥೆಗಳು ಹುಟ್ಟಿಕೊಂಡವು. ಹಿಮನದಿ ಕರಗಿ ಹಳೆಯ ಚೀಲವೋ ಪತ್ರಿಕೆಯೋ ಹೊರಬಿದ್ದಾಗಲೆಲ್ಲ ಅವಕ್ಕೆ ಮರುಜೀವ ಬರುತ್ತದೆ. ಫ್ರಾನ್ಸಿನ ತನಿಖೆ ಕಂಡುಕೊಂಡ ಕಾರಣ ಮಾತ್ರ ಪಿತೂರಿಗಿಂತ ಸರಳವಾಗಿತ್ತು, ಹಾಗಾಗಿಯೇ ಹೆಚ್ಚು ಕಳವಳ ಹುಟ್ಟಿಸುವಂಥದ್ದಾಗಿತ್ತು. ಬೈರೂತ್‌ನಿಂದ ಹೊರಡುವಾಗಲೇ ವಿಮಾನದ ವಿಒಆರ್ ರಿಸೀವರ್‌ಗಳಲ್ಲೊಂದು ಕೆಟ್ಟಿತ್ತು. ನೆಲದ ಮೇಲಿನ ರೇಡಿಯೊ ಕೇಂದ್ರದಿಂದ ವಿಮಾನ ಯಾವ ದಿಕ್ಕಿನಲ್ಲಿದೆ ಎಂದು ಮುಳ್ಳು ತೋರಿಸುವ ಸಾಧನ ಅದು. ಎರಡು ರಿಸೀವರ್‌ಗಳಿದ್ದರೆ ಎರಡು ಗೆರೆಗಳು ಕೂಡುವಲ್ಲಿ ವಿಮಾನದ ಸ್ಥಾನ ಒಡನೆಯೇ ಸಿಗುತ್ತದೆ. ಒಂದೇ ಇದ್ದರೆ ಒಂದು ಗೆರೆಯ ಮೇಲೆ ಎಲ್ಲೋ ಇದ್ದೇವೆ ಎಂದಷ್ಟೇ ತಿಳಿಯುತ್ತದೆ. ಶಿಖರವನ್ನು ದಾಟಿಯಾಯಿತೆಂದು ಕ್ಯಾಪ್ಟನ್ ಅಂದುಕೊಂಡರು. ದಾಟಿಲ್ಲವೆಂಬುದು ಜಿನೀವಾದ ನಿಯಂತ್ರಕನಿಗೆ ರಾಡಾರ್‌ನಲ್ಲಿ ಕಂಡಿತ್ತು, ಅವನು ಹೇಳಿಯೂ ಹೇಳಿದ. ಹೇಳಿದ ರೀತಿ ನಿಖರವಾಗಿರಲಿಲ್ಲ. ಕೇಳಿಸಿಕೊಂಡವರು ಬೇರೆಯದೇ ಅರ್ಥ ಮಾಡಿಕೊಂಡರು. ವಿಮಾನ ಇಳಿಯುತ್ತಲೇ ಹೋಯಿತು.

ಕೆಟ್ಟ ಸಾಧನ, ತಪ್ಪು ತಿಳಿವಳಿಕೆ, ಅರೆಬರೆ ಮಾತು. ಈ ಮೂರೂ ಒಂದೇ ಹೊತ್ತಿಗೆ ಕೂಡಿಕೊಂಡದ್ದು ಅದೇ ಮೊದಲಲ್ಲ, ಕೊನೆಯೂ ಆಗಲಿಲ್ಲ. ಈ ಆರು ದಶಕಗಳಲ್ಲಿ ವಿಮಾನದ ಕಾಕ್‌ಪಿಟ್ ಗುರುತೇ ಸಿಗದಷ್ಟು ಬದಲಾಗಿದೆ. ಪ್ರತಿ ಬದಲಾವಣೆಯ ಜೊತೆಗೂ ಒಂದು ಭರವಸೆ ಬಂದಿತ್ತು: ಇನ್ನು ಮುಂದೆ ತಾನು ಎಲ್ಲಿದ್ದೇನೆಂದು ಪೈಲಟ್ ಊಹಿಸಬೇಕಾಗಿಲ್ಲ. ಆ ಭರವಸೆ ಬಹುಪಾಲು ಈಡೇರಿತು. ಉಳಿದ ಅಲ್ಪಪಾಲಿನಲ್ಲಿ ಏನೇನು ನಡೆಯಿತು, ಗಳಿಕೆಯ ಭರದಲ್ಲಿ ನಾವು ಕೈಬಿಟ್ಟದ್ದೇನು ಎಂದು ತೂಗಿ ನೋಡಲು ಇದು ತಕ್ಕ ಸಮಯ. ಯಾಕೆಂದರೆ ಹಳೆಯ ಆ ಅನಿಶ್ಚಿತತೆ ಕಳೆದ ಎರಡು ಮೂರು ವರ್ಷಗಳಿಂದ ಹೊಸ ವೇಷದಲ್ಲಿ ಮರಳಿ ಬಂದಿದೆ, ನಮ್ಮದೇ ಆಕಾಶಕ್ಕೂ ಬಂದಿದೆ.

ದೂರದ ಹಾರಾಟಗಳಲ್ಲಿ ಒಂದು ಕಾಲಕ್ಕೆ ಪೈಲಟ್‌ಗಳ ಹಿಂದೆ ಇನ್ನೊಬ್ಬರು ಕೂತಿರುತ್ತಿದ್ದರು. ನ್ಯಾವಿಗೇಟರ್ ಎಂಬ ಆ ವ್ಯಕ್ತಿಯ ಮುಂದೆ ನಕ್ಷೆ, ಪೆನ್ಸಿಲು, ಗಡಿಯಾರ; ಕೈಯಲ್ಲಿ ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟೆಂಟ್. ಗಾಳಿಯ ವೇಗವನ್ನು ಲೆಕ್ಕಹಾಕಿ, ಇಷ್ಟು ಹೊತ್ತು ಈ ದಿಕ್ಕಿನಲ್ಲಿ ಹಾರಿದ್ದೇವೆ, ಆದ್ದರಿಂದ ಇಲ್ಲಿರಬೇಕು ಎಂದು ಆತ ಗುರುತು ಹಾಕುತ್ತಿದ್ದ. ಆ ಗುರುತಿನಲ್ಲಿ ಹತ್ತಾರು ಮೈಲಿಗಳ ವ್ಯತ್ಯಾಸವಿರಬಹುದೆಂಬುದು ಅವನಿಗೂ ಗೊತ್ತಿತ್ತು, ಅವನನ್ನು ನಂಬಿದ ಪೈಲಟ್‌ಗೂ ಗೊತ್ತಿತ್ತು. ಸಂದೇಹ ಅಂದಿನ ಕಸುಬಿನೊಳಗೇ ಇತ್ತು. 1970ರ ದಶಕದಲ್ಲಿ ಬೋಯಿಂಗ್ 747ರ ಜೊತೆಗೆ ಐಎನ್‌ಎಸ್ ಎಂಬ ಪೆಟ್ಟಿಗೆ ಬಂತು. ಹೊರಗಿನ ಯಾವ ಸಂಕೇತವೂ ಇಲ್ಲದೆ, ತನ್ನೊಳಗಿನ ಗೈರೊಸ್ಕೋಪ್‌ಗಳೂ ವೇಗೋತ್ಕರ್ಷ ಮಾಪಕಗಳೂ ಗ್ರಹಿಸಿದ ಚಲನೆಯನ್ನೇ ಕೂಡಿಸುತ್ತಾ ಹೋಗಿ ಅದು ಸ್ಥಾನ ಹೇಳುತ್ತಿತ್ತು. ಹೊರಡುವ ಮೊದಲು ನಿಂತ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕೈಯಿಂದ ತುಂಬಿದರೆ ಸಾಕು. ನ್ಯಾವಿಗೇಟರ್‌ನ ಕುರ್ಚಿ ಖಾಲಿಯಾಯಿತು. ಮುಂದಿನ ದಶಕದಲ್ಲಿ ಫ್ಲೈಟ್ ಎಂಜಿನಿಯರ್ ಕೂಡ ಹೊಸ ವಿಮಾನಗಳಿಂದ ಇಳಿದುಹೋದರು. ಅವರವರ ಕೆಲಸವನ್ನು ಯಂತ್ರ ಅವರಿಗಿಂತ ಚೆನ್ನಾಗಿ ಮಾಡಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒರೆಗೆ ಹಚ್ಚುವ ಅವಕಾಶವೂ ಅವರೊಂದಿಗೇ ಇಳಿದುಹೋಯಿತೆಂಬುದನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

1978ರ ಹೊಸವರ್ಷದ ರಾತ್ರಿ ಮುಂಬೈ ಕಂಡದ್ದನ್ನು ಹಿರಿಯ ಓದುಗರು ಮರೆತಿರಲಾರರು. ಏರ್ ಇಂಡಿಯಾದ ಮೊದಲ ಜಂಬೊ ‘ಎಂಪರರ್ ಅಶೋಕ’ ಸಾಂತಾಕ್ರೂಜ್‌ನಿಂದ ದುಬೈಗೆ ಹೊರಟು ಎರಡು ನಿಮಿಷ ತುಂಬುವ ಮೊದಲೇ ಬಾಂದ್ರಾ ಕರಾವಳಿಯಾಚೆ ಸಮುದ್ರಕ್ಕೆ ಬಿತ್ತು. ಸತ್ತವರು 213. ವಿಮಾನ ಬಲಕ್ಕೆ ವಾಲಿ, ತಿರುಗಿ, ಮತ್ತೆ ಸಮಸ್ಥಿತಿಗೆ ಬಂದಿತ್ತು. ಕ್ಯಾಪ್ಟನ್ ಎದುರಿನ ಉಪಕರಣ ಮಾತ್ರ ಇನ್ನೂ ಬಲಕ್ಕೆ ವಾಲಿದೆ ಎನ್ನುತ್ತಲೇ ಇತ್ತು. ಅದನ್ನು ಸರಿಪಡಿಸಲು ಅವರು ಎಡಕ್ಕೆ ತಿರುಗಿಸಿದರು, ಇನ್ನೂ ಎಡಕ್ಕೆ ತಿರುಗಿಸಿದರು. ಹೊರಗೆ ಕತ್ತಲು, ಕೆಳಗೆ ಕಪ್ಪು ನೀರು, ಕಣ್ಣಿಗೆ ಆಸರೆಯಾಗಬಲ್ಲ ದಿಗಂತವೇ ಇಲ್ಲ. ಸಹಪೈಲಟ್ ಮುಂದಿನ ಉಪಕರಣ ಸರಿಯಾಗಿತ್ತು, ನಡುವಿನ ಮೂರನೆಯದೂ ಸರಿಯಾಗಿತ್ತು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್ ವ್ಯತ್ಯಾಸ ಕಂಡು ಎಚ್ಚರಿಸಲು ಯತ್ನಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಮೂರರಲ್ಲಿ ಎರಡು ನಿಜ ಹೇಳುತ್ತಿದ್ದರೂ ಮುಖಕ್ಕೆ ನೇರವಾಗಿದ್ದ ಒಂದರ ಸುಳ್ಳು ಗೆದ್ದ ಆ ಕೆಲವು ಸೆಕೆಂಡುಗಳನ್ನು ಇಂದಿಗೂ ಪೈಲಟ್ ತರಬೇತಿಯಲ್ಲಿ ನೆನೆಯಬೇಕು. ನಮ್ಮ ದೇಶದ ವಿಮಾನ, ನಮ್ಮ ಸಮುದ್ರ. ಈ ಪಾಠ ನಮಗೆ ಬೇರೆಲ್ಲಿಂದಲೋ ಬರಬೇಕಾಗಿಲ್ಲ.

ಮರುವರ್ಷವೇ, 1979ರ ನವೆಂಬರ್ 28ರಂದು, ಏರ್ ನ್ಯೂಜಿಲೆಂಡ್‌ನ ಡಿಸಿ-10 ಅಂಟಾರ್ಕ್ಟಿಕಾದ ಎರೆಬಸ್ ಪರ್ವತಕ್ಕೆ ಬಡಿದು 257 ಮಂದಿ ಸತ್ತರು. ಅಲ್ಲಿ ಯಂತ್ರ ಕೆಟ್ಟಿರಲೇ ಇಲ್ಲ. ಕೊಟ್ಟ ದಾರಿಯಲ್ಲಿ ಅದು ಕರಾರುವಾಕ್ಕಾಗಿ ಕರೆದೊಯ್ದಿತು. ಪೈಲಟ್‌ಗಳಿಗೆ ಮೊದಲು ತೋರಿಸಿದ್ದ ದಾರಿ ಸಮತಟ್ಟಾದ ಹಿಮಗಡಲಿನ ಮೇಲಿತ್ತು. ಹೊರಡುವ ಹಿಂದಿನ ರಾತ್ರಿ ಕಂಪ್ಯೂಟರಿನಲ್ಲಿ ಒಂದು ವೇಪಾಯಿಂಟ್‌ನ, ಅಂದರೆ ದಾರಿಗುರುತಿನ, ಅಂಕಿಗಳನ್ನು ಬದಲಿಸಲಾಗಿತ್ತು. ಬದಲಿಸಿದ್ದನ್ನು ಅವರಿಗೆ ಯಾರೂ ತಿಳಿಸಲಿಲ್ಲ. ಹೊಸ ದಾರಿ ನೇರವಾಗಿ ಪರ್ವತದ ಮೇಲೆ ಹಾಯುತ್ತಿತ್ತು, ಬಿಳಿ ಮೋಡ ಬಿಳಿ ನೆಲಗಳ ನಡುವೆ ಪರ್ವತ ಕಾಣಲಿಲ್ಲ. ಮೊದಲ ತನಿಖೆ ಪೈಲಟ್‌ಗಳನ್ನು ದೂರಿತು. ನ್ಯಾಯಮೂರ್ತಿ ಪೀಟರ್ ಮಾಹನ್ ಅವರ ಆಯೋಗ ಆ ತೀರ್ಮಾನವನ್ನು ತಿರುಗಿಸಿ, ತಪ್ಪು ಕಚೇರಿಯೊಳಗಿನದೆಂದು ಹೇಳಿತು. ಸರ್ಕಾರದ ಪರವಾಗಿ ಪ್ರಧಾನಿ ಕ್ಷಮೆ ಕೇಳಲು ನಲವತ್ತು ವರ್ಷ ಬೇಕಾಯಿತು. 2019ರಲ್ಲಿ ಜೆಸಿಂಡಾ ಆರ್ಡರ್ನ್ ಅದನ್ನು ಮಾಡಿದರು. ಯಂತ್ರದೊಳಗೆ ಅಂಕಿ ತುಂಬಿದವರು ಒಬ್ಬರು, ಅದನ್ನು ನಂಬಿ ಹಾರುವವರು ಇನ್ನೊಬ್ಬರು ಎಂಬ ಹೊಸ ಸ್ಥಿತಿಗೆ ಜಗತ್ತು ತೆತ್ತ ಮೊದಲ ದೊಡ್ಡ ಬೆಲೆ ಎರೆಬಸ್.

ನಾಲ್ಕು ವರ್ಷಗಳ ಬಳಿಕ ಕೊರಿಯನ್ ಏರ್‌ಲೈನ್ಸ್‌ನ 007. 1983ರ ಸೆಪ್ಟೆಂಬರ್ 1ರಂದು ಅಲಾಸ್ಕಾದ ಆಂಕರೇಜ್‌ನಿಂದ ಸೋಲ್ ಕಡೆಗೆ ಹೊರಟ 747 ದಾರಿ ತಪ್ಪಿ ಸೋವಿಯತ್ ಆಕಾಶ ಹೊಕ್ಕಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜೀವಗಳು ಹೋದವು. ಆಟೊಪೈಲಟ್ ಐಎನ್‌ಎಸ್ ಹೇಳಿದ ಮಾರ್ಗವನ್ನು ಹಿಡಿದಿರಲಿಲ್ಲ, ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಗಂಟೆಗಟ್ಟಲೆ ಹಾರಿತ್ತು. ಅದನ್ನು ಕಾಕ್‌ಪಿಟ್‌ನಲ್ಲಿ ಯಾರೂ ಗಮನಿಸಲಿಲ್ಲವೆಂದು, ಕಪ್ಪು ಪೆಟ್ಟಿಗೆಗಳನ್ನು ರಷ್ಯಾ ಒಪ್ಪಿಸಿದ ಮೇಲೆ, 1993ರ ಅಂತಾರಾಷ್ಟ್ರೀಯ ವರದಿ ಹೇಳಿತು. ಈ ದುರಂತದ ಬೆನ್ನಲ್ಲೇ ರೇಗನ್ ಸರ್ಕಾರ ಒಂದು ಘೋಷಣೆ ಮಾಡಿತು: ಅಮೆರಿಕದ ಸೇನೆ ಕಟ್ಟುತ್ತಿರುವ ಜಿಪಿಎಸ್ ಸಿದ್ಧವಾದಾಗ ಅದನ್ನು ಜಗತ್ತಿನ ನಾಗರಿಕ ವಿಮಾನಗಳಿಗೂ ಬಿಟ್ಟುಕೊಡಲಾಗುವುದು. ಇನ್ನೆಂದೂ ಯಾವ ಪ್ರಯಾಣಿಕ ವಿಮಾನವೂ ತಾನೆಲ್ಲಿದ್ದೇನೆಂದು ತಿಳಿಯದೆ ಗಡಿ ದಾಟಬಾರದು. ಆ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅದೇ ಹೊತ್ತಿಗೆ ಕಾಕ್‌ಪಿಟ್‌ನ ಮುಖವೂ ಬದಲಾಗುತ್ತಿತ್ತು. 1982ರಲ್ಲಿ ಸೇವೆಗೆ ಬಂದ ಬೋಯಿಂಗ್ 767ರಲ್ಲಿ ಮುಳ್ಳುಗಳ ಜಾಗಕ್ಕೆ ಬಣ್ಣದ ಪರದೆಗಳು ಬಂದವು. ದಾರಿ ಒಂದು ಗೆರೆಯಾಗಿ, ವಿಮಾನ ಒಂದು ತ್ರಿಕೋನವಾಗಿ ಕಾಣತೊಡಗಿತು. ಈ ಗಳಿಕೆ ಎಷ್ಟು ದೊಡ್ಡದೆಂಬುದನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯವಾಗುತ್ತದೆ. ಹತ್ತಾರು ಮುಳ್ಳುಗಳನ್ನು ನೋಡಿ ಮನಸ್ಸಿನಲ್ಲೇ ನಕ್ಷೆ ಕಟ್ಟಿಕೊಳ್ಳುವ ಹೊರೆ ಇಳಿಯಿತು. ಮುಂದಿನ ತಿರುವು, ಎದುರಿನ ಮಳೆಮೋಡ, ಗಾಳಿಯ ದಿಕ್ಕು ಎಲ್ಲವೂ ಒಂದೇ ನೋಟಕ್ಕೆ ಸಿಕ್ಕವು. ದಿನಕ್ಕೆ ನಾಲ್ಕು ಸಲ ಏರಿ ಇಳಿದು ದಣಿದ ಪೈಲಟ್‌ಗೆ ಅದು ನಿಜಕ್ಕೂ ದೊಡ್ಡ ಆಸರೆ. ಆದರೆ ಚಿತ್ರ ಸ್ಪಷ್ಟವಾದಷ್ಟೂ ಅದನ್ನು ಪ್ರಶ್ನಿಸಬೇಕೆನ್ನುವ ಮನಸ್ಸು ಹಿಂದೆ ಸರಿಯುತ್ತದೆ. ಅಲುಗಾಡುವ ಮುಳ್ಳು ತನ್ನ ಅನಿಶ್ಚಿತತೆಯನ್ನು ತಾನೇ ತೋರಿಸಿಕೊಳ್ಳುತ್ತಿತ್ತು. ಪರದೆಯ ಮೇಲಿನ ತ್ರಿಕೋನ ಸರಿಯಿದ್ದಾಗಲೂ ತಪ್ಪಿದ್ದಾಗಲೂ ಅಷ್ಟೇ ನಿಶ್ಚಲವಾಗಿ ಕೂತಿರುತ್ತದೆ.

ಇಂಡಿಯನ್ ಏರ್‌ಲೈನ್ಸ್‌ಗೆ ಏರ್‌ಬಸ್ ಎ320 ಬಂದದ್ದು 1989ರಲ್ಲಿ. 1990ರ ಫೆಬ್ರುವರಿ 14ರ ಮಧ್ಯಾಹ್ನ ಮುಂಬೈಯಿಂದ ಬಂದ ಅಂಥದೊಂದು ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ತಾಗಿ, ದಿಣ್ಣೆಗೆ ಬಡಿದು ಹೊತ್ತಿ ಉರಿಯಿತು. 146 ಮಂದಿಯಲ್ಲಿ 92 ಮಂದಿ ಸತ್ತರು. ಆ ಹೊಗೆಯನ್ನು ಕಣ್ಣಾರೆ ಕಂಡವರು ನಮ್ಮ ನಗರದಲ್ಲಿ ಇನ್ನೂ ಇದ್ದಾರೆ. ಉಪಕರಣ ಸುಳ್ಳು ಹೇಳಿದ ಪ್ರಕರಣ ಇದಲ್ಲ. ಎಂಜಿನ್‌ಗಳು ಐಡಲ್‌ನಲ್ಲೇ ಉಳಿಯುವ ‘ಓಪನ್ ಡಿಸೆಂಟ್’ ಎಂಬ ಸ್ಥಿತಿಗೆ ವಿಮಾನ ಹೋಗಿತ್ತು, ವೇಗ ಕುಸಿಯುತ್ತಿತ್ತು. ಪರದೆಯ ಮೇಲ್ತುದಿಯಲ್ಲಿ ಆ ಸ್ಥಿತಿಯ ಹೆಸರು ಬರೆದೇ ಇತ್ತು. ಅದನ್ನು ಸಕಾಲಕ್ಕೆ ಓದಿ ಅರಿತವರಿಲ್ಲ. ಸರ್ಕಾರ ಎ320ಗಳನ್ನೆಲ್ಲ ನೆಲದಲ್ಲಿ ನಿಲ್ಲಿಸಿತು; ವಿಮಾನದ್ದೇ ದೋಷ ಎಂದವರೂ ಪೈಲಟ್‌ಗಳದ್ದೇ ದೋಷ ಎಂದವರೂ ತಿಂಗಳುಗಟ್ಟಲೆ ವಾದಿಸಿದರು. ಇಂದು ಭಾರತದ ಆಕಾಶದಲ್ಲಿ ಅತಿ ಹೆಚ್ಚು ಹಾರುವುದು ಆ ಕುಟುಂಬದ ವಿಮಾನಗಳೇ, ಸುರಕ್ಷಿತವಾಗಿಯೇ ಹಾರುತ್ತಿವೆ. ಆ ವಾದದಲ್ಲಿ ಎರಡೂ ಕಡೆಯವರು ಬಿಟ್ಟುಬಿಟ್ಟ ಒಂದು ಪ್ರಶ್ನೆಗೆ ಉತ್ತರ ಎರಡು ವರ್ಷಗಳ ನಂತರ ಫ್ರಾನ್ಸಿನಲ್ಲಿ ಸಿಕ್ಕಿತು.

1992ರ ಜನವರಿ 20ರ ರಾತ್ರಿ ಏರ್ ಇಂಟರ್ ಸಂಸ್ಥೆಯ ಎ320 ಸ್ಟ್ರಾಸ್‌ಬರ್ಗ್‌ನಲ್ಲಿ ಇಳಿಯಲು ಹೊರಟಿತ್ತು. 3.3 ಡಿಗ್ರಿಯ ಇಳಿಜಾರಿನಲ್ಲಿ ಇಳಿಯಬೇಕಿತ್ತು. ಅದೇ ಗುಂಡಿ, ಅದೇ ಕಿಟಕಿ ಎರಡು ಕೆಲಸಕ್ಕೆ ಬಳಕೆಯಾಗುತ್ತಿತ್ತು: ಒಂದು ಸ್ಥಿತಿಯಲ್ಲಿ ಇಳಿಜಾರಿನ ಕೋನ, ಇನ್ನೊಂದರಲ್ಲಿ ಇಳಿಯುವ ವೇಗ. ಕೋನವಾದರೆ 3.3 ಎಂದು ತೋರುತ್ತಿತ್ತು. ವೇಗವಾದರೆ ನಿಮಿಷಕ್ಕೆ 3,300 ಅಡಿಯನ್ನು ಮೊಟಕುಗೊಳಿಸಿ 33 ಎಂದು ತೋರುತ್ತಿತ್ತು. ನಡುವೆ ಇದ್ದ ವ್ಯತ್ಯಾಸ ಒಂದು ಚುಕ್ಕಿ. ವಿಮಾನ ಮಾಮೂಲಿಗಿಂತ ಹಲವು ಪಟ್ಟು ವೇಗವಾಗಿ ಇಳಿದು ಕಾಡಿನ ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು, ಒಂಬತ್ತು ಮಂದಿ ಬದುಕಿದರು. ಕೋನವೆಂದುಕೊಂಡು ವೇಗವನ್ನು ತುಂಬಿರುವುದೇ ಹೆಚ್ಚು ಸಂಭವ ಎಂದು ತನಿಖೆ ಹೇಳಿತು. ಆಮೇಲೆ ಏರ್‌ಬಸ್ ಆ ಕಿಟಕಿಯನ್ನು ಬದಲಿಸಿತು. ಇಳಿಯುವ ವೇಗವನ್ನು ನಾಲ್ಕು ಅಂಕಿಗಳಲ್ಲಿ ಪೂರ್ತಿಯಾಗಿ ತೋರಿಸುವಂತೆ ಮಾಡಿತು. ಪೈಲಟ್ ತಪ್ಪು ಎಂಬ ಎರಡು ಪದಗಳ ಹಿಂದೆ ಎಷ್ಟು ಸಲ ಇಂಥ ಒಂದು ಚುಕ್ಕಿ ಅಡಗಿ ಕೂತಿರುತ್ತದೆಂದು ನೆನೆದರೆ ನೋವಾಗುತ್ತದೆ. ಪರದೆಯನ್ನು ರೂಪಿಸುವವರೂ ಕಾಕ್‌ಪಿಟ್‌ನ ಸಿಬ್ಬಂದಿಯೇ. ಅವರು ಮಾತ್ರ ಅಲ್ಲಿ ಕೂತಿರುವುದಿಲ್ಲ.

ಚುಕ್ಕಿಯಂತೆಯೇ ಒಂದು ಅಕ್ಷರ. 1995ರ ಡಿಸೆಂಬರ್ 20ರಂದು ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 757 ಕೊಲಂಬಿಯಾದ ಕಾಲಿ ನಗರದತ್ತ ಎರಡು ಪರ್ವತಶ್ರೇಣಿಗಳ ನಡುವಿನ ಕಣಿವೆಯಲ್ಲಿ ಇಳಿಯುತ್ತಿತ್ತು. ಬೇಗ ಇಳಿಯುವ ಅವಕಾಶ ಸಿಕ್ಕಿತೆಂದು ಪೈಲಟ್‌ಗಳು ಕಾಲಿಗೆ ನೇರ ಮಾರ್ಗವನ್ನು ಕಂಪ್ಯೂಟರಿಗೆ ಕೊಟ್ಟರು. ಕೊಟ್ಟೊಡನೆ ನಡುವಿನ ಗುರುತುಗಳೆಲ್ಲ ಪರದೆಯಿಂದ ಅಳಿಸಿಹೋದವು, ಅವರು ಮುಂದೆ ಹುಡುಕಿದ ಟುಲುವಾ ಕೂಡ. ನಂತರ ರೋಜೊ ಎಂಬ ರೇಡಿಯೊ ದೀಪವನ್ನು ಹುಡುಕಿ ‘ಆರ್’ ಒತ್ತಿದರು. ಕಾಗದದ ನಕ್ಷೆಯಲ್ಲಿ ರೋಜೊದ ಗುರುತು ಆರ್ ಎಂದೇ ಇತ್ತು. ಕಂಪ್ಯೂಟರಿನ ಪಟ್ಟಿಯಲ್ಲಿ ಮಾತ್ರ ಆ ಅಕ್ಷರದಡಿ ಮೊದಲು ಬಂದದ್ದು ಬೊಗೋಟಾ ಹತ್ತಿರದ ರೋಮಿಯೊ ಎಂಬ ಇನ್ನೊಂದು ದೀಪ. ರೋಜೊ ಅಲ್ಲಿ ಪೂರ್ತಿ ಹೆಸರಿನಲ್ಲಿ ದಾಖಲಾಗಿತ್ತು. ವಿಮಾನ ಕತ್ತಲಲ್ಲಿ ಎಡಕ್ಕೆ, ಪರ್ವತದತ್ತ ತಿರುಗಿತು. ಎಲ್ಲಿದ್ದೇವೆಂದು ಅವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರೂ ಇಳಿಯುವುದನ್ನು ನಿಲ್ಲಿಸಲಿಲ್ಲ. 159 ಮಂದಿ ಸತ್ತು ನಾಲ್ವರು ಬದುಕುಳಿದರು. ನಕ್ಷೆ ಅಚ್ಚು ಹಾಕುವವರೂ ಕಂಪ್ಯೂಟರಿನ ಪಟ್ಟಿ ತಯಾರಿಸುವವರೂ ಒಂದೇ ಹೆಸರನ್ನು ಒಂದೇ ರೀತಿ ಬರೆಯಬೇಕೆಂಬ ಸರಳ ಶಿಸ್ತು ಅಂದು ಇರಲಿಲ್ಲ.

ಕಾಲಿಯ ಸಾವುಗಳಿಂದ ಹುಟ್ಟಿದ ಒಳಿತನ್ನೂ ಹೇಳಬೇಕು. ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಎಂಜಿನಿಯರ್ ಡಾನ್ ಬೇಟ್‌ಮನ್ ಬೆಟ್ಟಕ್ಕೆ ಬಡಿಯುವ ಅಪಘಾತಗಳನ್ನು ತಡೆಯುವುದಕ್ಕೇ ತಮ್ಮ ಬದುಕನ್ನು ಮುಡಿಪಿಟ್ಟವರು. ಅವರ ಮೊದಲ ಸಾಧನ ವಿಮಾನದ ಕೆಳಗಿನ ನೆಲವನ್ನಷ್ಟೇ ಅಳೆಯುತ್ತಿತ್ತು. ಎದುರಿಗೆ ಕಡಿದಾಗಿ ಎದ್ದು ನಿಂತ ಬೆಟ್ಟ ಅದಕ್ಕೆ ತೀರಾ ತಡವಾಗಿ ತಿಳಿಯುತ್ತಿತ್ತು. 1990ರ ದಶಕದಲ್ಲಿ ಅವರ ತಂಡ ಜಗತ್ತಿನ ನೆಲದ ಏರುತಗ್ಗುಗಳನ್ನೆಲ್ಲ ವಿಮಾನದೊಳಗಿನ ಸ್ಮೃತಿಯಲ್ಲಿ ತುಂಬಿತು; ಸೋವಿಯತ್ ಒಕ್ಕೂಟ ಕುಸಿದ ಮೇಲೆ ಮಾರಾಟಕ್ಕೆ ಬಂದ ಅದರ ಸೇನಾ ನಕ್ಷೆಗಳನ್ನೂ ಕೊಂಡು ಬಳಸಿಕೊಂಡಿತು. ಜಿಪಿಎಸ್ ಹೇಳಿದ ಸ್ಥಾನವನ್ನು ಆ ನಕ್ಷೆಯೊಡನೆ ಹೋಲಿಸಿ, ಎದುರಿಗೆ ಬೆಟ್ಟವಿದ್ದರೆ ಒಂದು ನಿಮಿಷದಷ್ಟು ಮೊದಲೇ ಕೂಗಿ ಎಚ್ಚರಿಸುವ ವ್ಯವಸ್ಥೆ ಅದು. ಬೆಟ್ಟಕ್ಕೆ ಬಡಿದು ಸಾಯುವುದು ವಿಮಾನಯಾನದ ದೊಡ್ಡ ಶಾಪಗಳಲ್ಲಿ ಒಂದಾಗಿತ್ತು. ಈ ಸಾಧನ ಬಂದ ಮೇಲೆ ಅದು ಬಹಳ ಮಟ್ಟಿಗೆ ಹಿಂದೆ ಸರಿಯಿತು. ಕಾಂಚನಜುಂಗಾದಲ್ಲಿ ಅದು ಇದ್ದಿದ್ದರೆ ಭಾಭಾ ಬಹುಶಃ ಅಂದು ಜಿನೀವಾ ತಲುಪುತ್ತಿದ್ದರು. ಬೇಟ್‌ಮನ್ 2023ರಲ್ಲಿ ತೀರಿಕೊಂಡರು. ಅವರಿಗೆ ಋಣಿಗಳಾಗಿರುವ ಪ್ರಯಾಣಿಕರಲ್ಲಿ ಬಹುತೇಕರಿಗೆ ಅವರ ಹೆಸರೂ ಗೊತ್ತಿಲ್ಲ.

ಹೊಸ ಶತಮಾನದಲ್ಲಿ ದೋಷಗಳ ಸ್ವರೂಪ ಸೂಕ್ಷ್ಮವಾಯಿತು. 2007ರ ಜನವರಿ 1ರಂದು, ಎಂಪರರ್ ಅಶೋಕ ಬಿದ್ದು ಸರಿಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ, ಇಂಡೊನೇಷ್ಯಾದ ಆಡಮ್ ಏರ್‌ನ 737ರಲ್ಲಿ ಸ್ಥಾನ ಹೇಳುವ ವ್ಯವಸ್ಥೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಇಬ್ಬರೂ ಪೈಲಟ್‌ಗಳು ಅದನ್ನು ಸರಿಪಡಿಸುವುದರಲ್ಲೇ ಮುಳುಗಿದರು. ಒಂದು ವ್ಯವಸ್ಥೆಯ ಗುಂಡಿ ತಿರುಗಿಸಿದಾಗ ಆಟೊಪೈಲಟ್ ಕಳಚಿಕೊಂಡಿತು. ವಿಮಾನ ನಿಧಾನವಾಗಿ ಬಲಕ್ಕೆ ವಾಲುತ್ತಾ ಹೋದದ್ದು ಅವರಿಗೆ ತಿಳಿಯಲಿಲ್ಲ. 102 ಮಂದಿ ಮಕಾಸ್ಸರ್ ಜಲಸಂಧಿಯಲ್ಲಿ ಮುಳುಗಿದರು. ಮರುವರ್ಷ ಅಕ್ಟೋಬರ್ 7ರಂದು ಸಿಂಗಪುರದಿಂದ ಪರ್ತ್‌ಗೆ ಹೊರಟಿದ್ದ ಕ್ವಾಂಟಾಸ್ 72ರಲ್ಲಿ ಮೂರು ದತ್ತಾಂಶ ಪೆಟ್ಟಿಗೆಗಳಲ್ಲೊಂದು ಇದ್ದಕ್ಕಿದ್ದಂತೆ ಸುಳ್ಳು ಅಂಕಿಗಳನ್ನು ಉಗುಳತೊಡಗಿತು. ವೇಗ ತೀರಾ ಹೆಚ್ಚಾಯಿತೆಂಬ ಎಚ್ಚರಿಕೆಯೂ ತೀರಾ ಕಡಿಮೆಯಾಯಿತೆಂಬ ಎಚ್ಚರಿಕೆಯೂ ಒಟ್ಟಿಗೇ ಮೊಳಗಿದವು. ಕಂಪ್ಯೂಟರ್ ಎರಡು ಸಲ ತಾನೇ ಮೂತಿ ತಗ್ಗಿಸಿತು. ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಕ್ಯಾಪ್ಟನ್ ಕೆವಿನ್ ಸಲಿವನ್ ಯಾವ ಎಚ್ಚರಿಕೆಯನ್ನೂ ಪೂರ್ತಿ ನಂಬದೆ, ಕಿಟಕಿಯಾಚೆಯ ದಿಗಂತವನ್ನೂ ತಮ್ಮ ಕೈಯನ್ನೂ ನಂಬಿ ಲಿಯರ್‌ಮಂತ್‌ನಲ್ಲಿ ವಿಮಾನ ಇಳಿಸಿದರು. ಯಾರೂ ಸಾಯಲಿಲ್ಲ. 2015ರ ಮಾರ್ಚ್‌ನಲ್ಲಿ ಸಿಡ್ನಿಯಿಂದ ಕ್ವಾಲಾಲಂಪುರಕ್ಕೆ ಹೊರಟ ಏರ್‌ಏಷ್ಯಾ ಎಕ್ಸ್ ವಿಮಾನಕ್ಕೆ ಆದದ್ದು ಇನ್ನೊಂದು ಬಗೆ. ಹೊರಡುವ ಮುನ್ನ ರೇಖಾಂಶ ತುಂಬುವಾಗ 151 ಡಿಗ್ರಿ ಎಂದಾಗಬೇಕಾದದ್ದು 15 ಡಿಗ್ರಿಯಾಯಿತು. ವಿಮಾನ ತಾನು ಹನ್ನೊಂದು ಸಾವಿರ ಕಿಲೋಮೀಟರ್ ಆಚೆ ಇದ್ದೇನೆಂದು ನಂಬಿ, ಏರಿದೊಡನೆ ಪಕ್ಕದ ರನ್‌ವೇಯ ದಾರಿಯತ್ತ ತಿರುಗಿತು. ಕೊನೆಗೆ ಕಣ್ಣಳತೆಯ ಮೇಲೆ ಮೆಲ್ಬರ್ನ್‌ನಲ್ಲಿ ಇಳಿಯಿತು. ಹಾರಾಟದ ನಡುವೆ ಸರಿಪಡಿಸಲು ಹೋದದ್ದು ತೊಂದರೆಯನ್ನು ಹೆಚ್ಚಿಸಿತ್ತು.

ಈ ವರ್ಷಗಳುದ್ದಕ್ಕೂ ರೇಗನ್ ಕಾಲದ ಭರವಸೆ ಮೌನವಾಗಿ ಜಗತ್ತನ್ನು ಆವರಿಸಿಕೊಳ್ಳುತ್ತಿತ್ತು. 2000ದ ಮೇ ತಿಂಗಳಲ್ಲಿ, ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಬ್ಬಾಗಿಸುವ ಪದ್ಧತಿಯನ್ನು ಅಮೆರಿಕ ಕೈಬಿಟ್ಟಿತು. ಭಾರತ ತನ್ನದೇ ‘ಗಗನ್’ ಕಟ್ಟಿತು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ರೂಪಿಸಿದ ಈ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಜಿಪಿಎಸ್‌ನ ಸಣ್ಣಪುಟ್ಟ ತಪ್ಪುಗಳನ್ನು ತಿದ್ದಿ ಭೂಸ್ಥಿರ ಉಪಗ್ರಹಗಳ ಮೂಲಕ ವಿಮಾನಗಳಿಗೆ ಕಳಿಸುವ ಕೆಲಸ ಅದರದ್ದು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊ ಎಟಿಆರ್ ವಿಮಾನ ಗಗನ್ ನೆರವಿನಿಂದ ಇಳಿದಾಗ, ದುಬಾರಿ ಉಪಕರಣಗಳಿಲ್ಲದ ಸಣ್ಣ ಊರುಗಳಿಗೂ ಸುರಕ್ಷಿತ ವಿಮಾನಯಾನ ಎಟುಕುತ್ತದೆಂಬ ಸಂಭ್ರಮ ಸಕಾರಣವಾಗಿತ್ತು. ಮತ್ತೊಂದು ಕಡೆ, ನೆಲದ ಮೇಲಿನ ಹಳೆಯ ರೇಡಿಯೊ ದೀಪಗಳು ಹಲವು ದೇಶಗಳಲ್ಲಿ ಒಂದೊಂದಾಗಿ ಆರಿದವು. ಅಮೆರಿಕ ನೂರಾರು ವಿಒಆರ್ ಕೇಂದ್ರಗಳನ್ನು ಮುಚ್ಚಲು ಹೊರಟಿತು. ಆಕಾಶದಿಂದಲೇ ಎಲ್ಲ ಸಿಗುವಾಗ ನೆಲದ ಕಂಬಗಳನ್ನು ಕಾಯುವ ಖರ್ಚೇಕೆ ಎಂದು ಲೆಕ್ಕಪತ್ರ ಕೇಳಿತು.

2023ರ ಶರತ್ಕಾಲದಲ್ಲಿ ಇರಾಕ್ ಮತ್ತು ಇರಾನ್ ಗಡಿಯ ಮೇಲೆ ಹಾರುತ್ತಿದ್ದ ವಿಮಾನಗಳ ನಕ್ಷೆ ಇದ್ದಕ್ಕಿದ್ದಂತೆ ಜಾಗ ಬದಲಿಸತೊಡಗಿತು. ಸ್ಪೂಫಿಂಗ್ ಎಂಬ ಹೆಸರು ಆಗ ಪೈಲಟ್‌ಗಳ ಮಾತಿನಲ್ಲಿ ನೆಲೆಯಾಯಿತು. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ಬರುವ ಜಿಪಿಎಸ್ ಸಂಕೇತ ನೆಲ ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ, ನಾಗರಿಕರು ಬಳಸುವ ಸಂಕೇತಕ್ಕೆ ಬೀಗವೂ ಇಲ್ಲ. ಯುದ್ಧ ನಡೆಯುವಲ್ಲಿ ಡ್ರೋನ್‌ಗಳನ್ನು ದಾರಿ ತಪ್ಪಿಸಲು ಸೇನೆಗಳು ಅದೇ ಬಗೆಯ ಸುಳ್ಳು ಸಂಕೇತವನ್ನು ಜೋರಾಗಿ ಬಿಡುತ್ತವೆ. ಮೇಲೆ ಹಾದುಹೋಗುವ ಪ್ರಯಾಣಿಕ ವಿಮಾನವೂ ಅದನ್ನೇ ನಿಜವೆಂದು ಕೇಳಿಸಿಕೊಳ್ಳುತ್ತದೆ. ಇಲ್ಲಿ ಕೆಟ್ಟದ್ದು ಯಂತ್ರವಲ್ಲ, ಯಂತ್ರಕ್ಕೆ ಸಿಕ್ಕ ಸುದ್ದಿ. ಪರಿಣಾಮ ನಕ್ಷೆಯೊಂದಕ್ಕೇ ನಿಲ್ಲುವುದಿಲ್ಲ. ಕಾಕ್‌ಪಿಟ್‌ನ ಗಡಿಯಾರ ಹಿಂದಕ್ಕೋ ಮುಂದಕ್ಕೋ ಜಿಗಿಯುತ್ತದೆ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ, ಸುತ್ತ ಬರಿಯ ಆಕಾಶವಿರುವಾಗ, ಬೇಟ್‌ಮನ್ ಅವರ ಸಾಧನ ಬೆಟ್ಟ ಬಂತು ಮೇಲಕ್ಕೆಳೆ ಎಂದು ಕೂಗುತ್ತದೆ. ಸಾವಿರಾರು ಜೀವ ಉಳಿಸಿದ ಆ ದನಿಯನ್ನು ಸುಮ್ಮನಿರಿಸಲು ಪೈಲಟ್‌ಗಳು ಕಲಿಯಬೇಕಾಗಿ ಬಂದಿರುವುದು ಈ ಅರುವತ್ತು ವರ್ಷಗಳ ಲೆಕ್ಕದಲ್ಲಿ ನಮ್ಮನ್ನು ಅತಿ ಹೆಚ್ಚು ಕಲಕುವ ಸಂಗತಿ. ನಿಜವಾದ ಬೆಟ್ಟ ಎದುರಾದ ದಿನ ಕೈ ಅದೇ ಅಭ್ಯಾಸದಿಂದ ಅದನ್ನು ಸುಮ್ಮನಿರಿಸಿದರೆ?

ತಪ್ಪಿದ್ದೆಲ್ಲಿ ಎಂದು ಈಗ ಕೇಳಿಕೊಳ್ಳಬಹುದು. ನಕ್ಷೆ, ಗಡಿಯಾರ, ಬೆಟ್ಟದ ಎಚ್ಚರಿಕೆ, ವಿಮಾನ ತನ್ನ ಸ್ಥಾನವನ್ನು ತಾನೇ ಸಾರುವ ಎಡಿಎಸ್-ಬಿ, ಇವೆಲ್ಲ ಬೇರೆ ಬೇರೆ ಪರದೆಗಳ ಮೇಲೆ ಬೇರೆ ಬೇರೆಯಾಗಿ ಕಾಣುತ್ತವೆ. ನೀರು ಮಾತ್ರ ಒಂದೇ ಬಾವಿಯದು, ಕೊಡಗಳು ನಾಲ್ಕು. 1966ರಲ್ಲಿ ಜಿನೀವಾದ ನಿಯಂತ್ರಕನಿಗೆ ತನ್ನದೇ ರಾಡಾರ್ ಇತ್ತು, ಆದ್ದರಿಂದಲೇ ಕ್ಯಾಪ್ಟನ್‌ಗೆ ಕಾಣದ್ದು ಅವನಿಗೆ ಕಂಡಿತು. ರಾಡಾರ್ ಇಲ್ಲದೆ ಎಡಿಎಸ್-ಬಿಯನ್ನೇ ನೆಚ್ಚಿರುವ ಆಕಾಶದಲ್ಲಿ ವಿಮಾನ ನಂಬಿದ ಸುಳ್ಳನ್ನೇ ನಿಯಂತ್ರಕನ ಪರದೆಯೂ ತೋರಿಸುತ್ತದೆ. 1978ರಲ್ಲಿ ಮೂರು ಉಪಕರಣಗಳಲ್ಲಿ ಎರಡು ನಿಜ ಹೇಳಿದವು, ಏಕೆಂದರೆ ಆ ಮೂರೂ ಒಂದನ್ನೊಂದು ನೆಚ್ಚಿರಲಿಲ್ಲ. ಪರದೆಗಳ ಸಂಖ್ಯೆ ಹೆಚ್ಚಿಸಿದ ನಾವು, ಒಂದಕ್ಕೊಂದು ಸಂಬಂಧವಿಲ್ಲದ ಸಾಕ್ಷಿಗಳ ಸಂಖ್ಯೆಯನ್ನು ಇಳಿಸಿದೆವು.

ಉಳಿದಿರುವ ಸ್ವತಂತ್ರ ಸಾಕ್ಷಿಗಳಲ್ಲಿ ಮುಖ್ಯವಾದದ್ದು ಆ ಹಳೆಯ ಐಎನ್‌ಎಸ್‌ನ ವಂಶದ್ದೇ. ಹೊರಗಿನ ಮಾತು ಕೇಳದ ಅದು ಗಂಟೆಗೆ ಒಂದೆರಡು ಮೈಲಿ ಆಚೀಚೆಯಾದರೂ ವಂಚನೆಗೆ ಬಗ್ಗುವುದಿಲ್ಲ. ಜಿಪಿಎಸ್‌ನೊಡನೆ ಅದನ್ನು ಬೆಸೆದಿರುವ ವಿಮಾನಗಳಲ್ಲಿ ಮಾತ್ರ ಸುಳ್ಳು ಅದರೊಳಕ್ಕೂ ಸೋರಬಲ್ಲದು. ಇನ್ನೊಂದು ಸಾಕ್ಷಿ ನೆಲದ ದೀಪಗಳು. ಎಸ್ತೋನಿಯಾದ ಟಾರ್ಟು ನಿಲ್ದಾಣದಲ್ಲಿ ಇಳಿಯುವ ವಿಧಾನ ಜಿಪಿಎಸ್ ಮೇಲೆಯೇ ನಿಂತಿತ್ತು. 2024ರ ಏಪ್ರಿಲ್ ಕೊನೆಯಲ್ಲಿ ಸಂಕೇತ ಕೆಟ್ಟು ವಿಮಾನಗಳು ಇಳಿಯಲಾಗದೆ ಹಿಂತಿರುಗಿದಾಗ ಫಿನ್‌ಏರ್ ಅಲ್ಲಿಗೆ ಒಂದು ತಿಂಗಳು ಹಾರಾಟವನ್ನೇ ನಿಲ್ಲಿಸಿತು. ನೆಲದ ಉಪಕರಣ ನೆಚ್ಚಿ ಇಳಿಯುವ ವಿಧಾನ ರೂಪಿಸಿದ ಬಳಿಕವಷ್ಟೇ ಮರಳಿತು.

ನಮಗೂ ಈ ಸುಳ್ಳು ಸಂಕೇತದ ಕಾಟ ದೂರದ ಸುದ್ದಿಯಾಗಿ ಉಳಿದಿಲ್ಲ. 2023ರ ನವೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ವಿಮಾನ ಸಂಸ್ಥೆಗಳಿಗೆ ಸಲಹಾ ಸುತ್ತೋಲೆ ಹೊರಡಿಸಿತು. ಅಲ್ಲಿಂದ 2025ರ ಫೆಬ್ರುವರಿವರೆಗೆ ಗಡಿಭಾಗದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಸುತ್ತ, ಇಂಥ 465 ಪ್ರಕರಣಗಳು ವರದಿಯಾದವೆಂದು ಸರ್ಕಾರ ಲೋಕಸಭೆಗೆ ತಿಳಿಸಿತು. 2025ರ ನವೆಂಬರ್‌ನಲ್ಲಿ ದಿಲ್ಲಿಯಲ್ಲೇ, ಜಿಪಿಎಸ್ ನೆರವಿನಿಂದ ಇಳಿಯುತ್ತಿದ್ದ ವಿಮಾನಗಳು ಸುಳ್ಳು ಸಂಕೇತ ಸಿಕ್ಕಿತೆಂದು ವರದಿ ಮಾಡಿದವು. ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಬೆಂಗಳೂರು ಸೇರಿದಂತೆ ಇತರ ದೊಡ್ಡ ನಗರಗಳ ಹೆಸರೂ ಇತ್ತು. ಯಾರಿಗೂ ಅಪಾಯವಾಗಲಿಲ್ಲ. ಪೈಲಟ್‌ಗಳು ಹಳೆಯ ವಿಧಾನಕ್ಕೆ ಮರಳಿದರು, ಮರಳಲು ಹಳೆಯ ಉಪಕರಣಗಳು ಇನ್ನೂ ಇದ್ದವು. ಸಾಂಪ್ರದಾಯಿಕ ಸಾಧನಗಳ ಒಂದು ಕನಿಷ್ಠ ಜಾಲವನ್ನು ಉಳಿಸಿಕೊಳ್ಳಲಾಗಿದೆಯೆಂದು ಸರ್ಕಾರ ಹೇಳಿದೆ. ಇದು ಸರಿಯಾದ ನಿರ್ಧಾರ, ಅದನ್ನು ಮುಕ್ತವಾಗಿ ಮೆಚ್ಚುತ್ತೇವೆ.

ಕನಿಷ್ಠ ಎಂಬ ಪದದ ಅಳತೆ ಎಷ್ಟೆಂಬುದು ಮಾತ್ರ ಜನರ ಮುಂದೆ ಬರಬೇಕು. ಯಾವ ನಿಲ್ದಾಣದಲ್ಲಿ ವಿಒಆರ್ ಉಳಿಯುತ್ತದೆ, ಯಾವುದರಲ್ಲಿ ಹೋಗುತ್ತದೆ, ಉಡಾನ್ ಯೋಜನೆಯಲ್ಲಿ ತೆರೆದ ಸಣ್ಣ ಊರುಗಳಲ್ಲಿ ಉಪಗ್ರಹ ಕೈಕೊಟ್ಟ ಸಂಜೆ ಇಳಿಯುವ ದಾರಿ ಯಾವುದು, ಇವನ್ನು ಪಟ್ಟಿ ಮಾಡಿ ಪ್ರಕಟಿಸುವುದು ಕಷ್ಟದ ಕೆಲಸವಲ್ಲ. ಪರದೆಯ ನಕ್ಷೆ ಆರಿಸಿ, ಮುಳ್ಳುಗಳಷ್ಟನ್ನೇ ನೋಡಿ ಇಳಿಯುವ ಅಭ್ಯಾಸ ಸಿಮ್ಯುಲೇಟರ್‌ನಲ್ಲಿ ಪ್ರತಿ ಪೈಲಟ್‌ಗೂ ನಿಯಮಿತವಾಗಿ ಸಿಗಬೇಕು. ಪರವಾನಗಿ ನವೀಕರಣದ ಒಂದು ಸಾಲಿಗೆ ಟಿಕ್ ಹಾಕಲಿಕ್ಕಾಗಿ ಅಲ್ಲ. ನಕ್ಷೆ ಜಿಗಿದದ್ದನ್ನು ಕಂಡ ಕೂಡಲೇ ಹೇಳಿದ ಪೈಲಟ್‌ಗೆ ವಿಚಾರಣೆಯ ಭಯವಿರಬಾರದು. ಹತ್ತು ನಿಮಿಷದೊಳಗೆ ವರದಿ ಮಾಡಿ ಎಂದು ಡಿಜಿಸಿಎ 2025ರ ನವೆಂಬರ್‌ನಲ್ಲಿ ಕೇಳಿದೆ. ವರದಿಗಳಿಂದ ಕಂಡುಕೊಂಡದ್ದನ್ನು ಅದು ಎಲ್ಲ ಸಂಸ್ಥೆಗಳ ಪೈಲಟ್‌ಗಳಿಗೂ ಅಷ್ಟೇ ಬೇಗ ಹಿಂತಿರುಗಿಸಬೇಕು. ನಮ್ಮದೇ ಆದ ನಾವಿಕ್ ಉಪಗ್ರಹ ಸಮೂಹ ಇನ್ನೂ ಕುಂಟುತ್ತಿದೆ. 2025ರ ಜನವರಿಯಲ್ಲಿ ಶ್ರೀಹರಿಕೋಟಾದಿಂದ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ಸೇರಲಿಲ್ಲ. ನಾವಿಕ್ ಪೂರ್ಣಗೊಂಡ ದಿನವೂ ನೆಲದ ದೀಪಗಳನ್ನು ಆರಿಸುವ ಪ್ರಸ್ತಾವ ಬಂದರೆ ವಿಮಾನಯಾನ ಸಚಿವಾಲಯ ಅದಕ್ಕೆ ಸಹಿ ಹಾಕಬಾರದು.